ಕೊಕ್ಕೆಯ ಎಡಗೈಯೂ ತಿರುಗುವ ಕುರ್ಚಿಯೂ

ಆವತ್ತು ಬೆಳಗ್ಗೆ ಎದ್ದಾಗ ಕೊಕ್ಕೆಯ ಎಡಗೈ ನೋಯಲಿಲ್ಲ. ಇಡೀ ದಿನದ ರಗಳೆ ಶುರುವಾದದ್ದೇ ಅಲ್ಲಿಂದ.

ಕೈ ನೋಯದಿದ್ದರೆ ಖುಷಿಪಡುವುದು ಬಿಟ್ಟು ರಗಳೆ ಎಂಥದು ಎಂದು ನೀವು ಕೇಳಬಹುದು. ಬೇರೆ ಯಾವ ದಿನ ನೋಯದಿದ್ದರೂ ಅವನು ಕುಣಿದುಬಿಡುತ್ತಿದ್ದ. ಆದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಂಡಹೆಂಡಿರ ಮಧ್ಯೆ ಮಲಗಿ ಇಬ್ಬರ ನಿದ್ದೆಯನ್ನೂ ಕೆಡಿಸಿದ್ದ ಆ ನೋವು, ದೊಡ್ಡಾಸ್ಪತ್ರೆಯಲ್ಲಿ ಕೈ ಸ್ಕ್ಯಾನ್ ಮಾಡಿಸುವ ದಿನವೇ ನೋಡಿಕೊಂಡು ಎದ್ದು ಹೋಗಿತ್ತು. ಹೇಳದೆ ಕೇಳದೆ, ಬಾಡಿಗೆ ಬಾಕಿ ಇಟ್ಟ ಮನುಷ್ಯ ಹಿಂದಿನ ಬಾಗಿಲಲ್ಲಿ ಜಾರಿಕೊಂಡ ಹಾಗೆ.

ಕೊಕ್ಕೆ ಎನ್ನುವುದು ಅವನಿಗೆ ಆ ಕೈ ಕೊಟ್ಟ ಹೆಸರು. ಹುಡುಗನಾಗಿದ್ದಾಗ ಪಂತ ಕಟ್ಟಿ ಹುಲ್ಲಿನ ಬಣವೆಯ ನೆತ್ತಿಯಿಂದ ಹಾರಿದ್ದ. ಸುತ್ತಮುತ್ತ ಅಷ್ಟೊಂದು ಹುಲ್ಲಿದ್ದರೂ ಅದನ್ನೆಲ್ಲ ಬಿಟ್ಟು, ಮೂಲೆಯಲ್ಲಿದ್ದ ಒಂದೇ ಒಂದು ಕಲ್ಲನ್ನು ಹುಡುಕಿಕೊಂಡು ಹೋಗಿ ಅದರ ಮೇಲೆ ಬಿದ್ದ. ಮೂಳೆ ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಬಿಗಿದು, ಅಲುಗಾಡಬೇಡ ಎಂದಿದ್ದ. ಈ ಮಹಾರಾಯ ಮೂರನೇ ದಿನವೇ ಚಿನ್ನಿದಾಂಡು ಆಡಲು ಹೋದ. ಮೂಳೆ ಕೂಡಿಕೊಂಡಿತು, ಆದರೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಯ ಹಾಗೆ ಕೈ ಮೊಣಕೈಯಲ್ಲಿ ಬಾಗಿ ನಿಂತಿತು. ಹೆಸರೂ ನಿಂತಿತು. ಅವನು ಹೊಟ್ಟೆಪಾಡಿಗೆ ಸಮುದ್ರ ದಾಟಿ ಬಂದಾಗ ಆ ಹೆಸರೂ ವೀಸಾ ಗೀಸಾ ಇಲ್ಲದೆ ಜೊತೆಗೇ ಬಂತು.

ಈಗ ಅವನಿಗೆ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಊರಿನ ಹೋಟೆಲುಗಳ ಹೊದಿಕೆ, ಹಾಸಿಗೆ ಬಟ್ಟೆ ಎಲ್ಲ ಬಂದು ಬೀಳುವ ಜಾಗ. ಕಾಲಾಡಿಸಲು ಜಾಗವಿಲ್ಲದ ಕಡೆ ನಿಂತು, ಒಗೆಯುವ ಮಿಶಿನ್ನಿನಿಂದ ಒದ್ದೆ ಬಟ್ಟೆಯ ಗಂಟು ಎಳೆದು ಒಣಗಿಸುವ ಮಿಶಿನ್ನಿಗೆ ತುಂಬಬೇಕು. ಒದ್ದೆ ಹಾಸಿಗೆ ಬಟ್ಟೆಯ ಭಾರ ಏನೆಂಬುದು ಎತ್ತಿದವನಿಗೇ ಗೊತ್ತು. ಕೆರೆಯಿಂದ ಏಳಲೊಲ್ಲದ ಎಮ್ಮೆಯನ್ನು ಎಬ್ಬಿಸಿದ ಹಾಗೆ. ಕೊಕ್ಕೆ ಅದನ್ನೆಲ್ಲ ಬಲಗೈಯಲ್ಲೇ ಎತ್ತುತ್ತಿದ್ದ. ಎಡಗೈಯನ್ನು ಮನೆಗೆ ಬಂದ ಬೀಗರ ಹಾಗೆ ನೋಡಿಕೊಳ್ಳುತ್ತಿದ್ದ, ಒಂದು ಕಡ್ಡಿ ಎತ್ತಿಡು ಎಂದವನಲ್ಲ. ಆದರೂ ರಾತ್ರಿಯಾದರೆ ಅದು ನರಳಿಸುತ್ತಿತ್ತು.

ಅದೇ ಲಾಂಡ್ರಿಯ ಮೂಲೆಯಲ್ಲಿ ಒಂದು ಗಾಜಿನ ಕೋಣೆ. ಒಣಗಿದ ಬಟ್ಟೆಯನ್ನು ದೀಪಕ್ಕೆ ಹಿಡಿದು ತೂತು ಇದೆಯೋ ಇಲ್ಲವೋ ನೋಡುವ ಕೆಲಸ ಅಲ್ಲಿ. ಕೂತು ಮಾಡುವ ಕೆಲಸ. ಕೂರಲು ಮೆತ್ತನೆ ದಿಂಬಿನ, ಗಿರ್ರನೆ ತಿರುಗುವ ಕುರ್ಚಿ. ಅದರಲ್ಲಿ ಕೂತಿದ್ದ ಮುದುಕ ಕೆಲಸ ಬಿಟ್ಟು ಮಗಳ ಮನೆಗೆ ಹೋದಂದಿನಿಂದ ಇಡೀ ಲಾಂಡ್ರಿಯ ಕಣ್ಣು ಆ ಕುರ್ಚಿಯ ಮೇಲೆ. ಸೂಪರ್‌ವೈಜರ್ ನಮ್ಮ ಕಡೆಯವನೇ, ಆದರೆ ಆ ಹುದ್ದೆಗೆ ಏರಿದ ಮೇಲೆ ಅವನು ಯಾರ ಕಡೆಯವನೂ ಅಲ್ಲ. ಕೊಕ್ಕೆಯನ್ನು ಕರೆದು ಹೇಳಿದ್ದ: "ನೋಡಯ್ಯಾ, ಕೈ ಕೆಟ್ಟಿದೆ ಅಂತ ನೀನು ಹೇಳಿದ್ರೆ ಸಾಲಲ್ಲ. ಡಾಕ್ಟ್ರು ಹೇಳ್ಬೇಕು. ಶುಕ್ರವಾರ ಸಂಜೆ ಕುರ್ಚಿ ಯಾರಿಗೆ ಅಂತ ತೀರ್ಮಾನ ಮಾಡ್ತೀನಿ. ಅಷ್ಟರೊಳಗೆ ತಂದ್ರೆ ಕುರ್ಚಿ ನಿಂದು."

ದೊಡ್ಡಾಸ್ಪತ್ರೆಯವರು ಕೊಟ್ಟಿದ್ದ ದಿನವೂ ಅದೇ ಶುಕ್ರವಾರ. ಆ ದೇಶದಲ್ಲಿ ದೊಡ್ಡ ಡಾಕ್ಟರನ್ನು ಕಾಣುವುದೆಂದರೆ ಮಾವಿನ ಓಟೆ ನೆಟ್ಟು ಹಣ್ಣಿಗೆ ಕಾದ ಹಾಗೆ. ಕೊಕ್ಕೆ ಕಾದ. ಹಿಂದಿನ ರಾತ್ರಿ ಖುಷಿಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ಕಣ್ಣು ಹತ್ತಿತು. ಎದ್ದು ನೋಡಿದರೆ ಇದು.

ಕೈ ಮಡಚಿದ. ಚಾಚಿದ. ತಿರುವಿದ. ಕೆಟ್ಟ ರೇಡಿಯೋ ಹಾಗೆ ಸದ್ದೇ ಇಲ್ಲ.

"ಲೇ! ಇಲ್ಲಿ ಬಾರೇ!"

ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. "ಏನ್ರೀ? ಜಾಸ್ತಿ ಆಯ್ತಾ?"

"ಇಲ್ಲ ಕಣೇ. ನೋವೇ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಹೋಗ್ಬಿಟ್ಟಿದೆ."

"ಎಲ್ಲಿಗೆ?"

"ಅದೇನು ನಿನ್ ತಮ್ಮನಾ, ಹೇಳಿ ಹೋಗೋಕೆ?"

ಹಾಗೆ ನೋಡಿದರೆ ಅವಳ ತಮ್ಮನೂ ಹೇಳಿ ಹೋಗುವ ಆಸಾಮಿಯಲ್ಲ. ಇವರ ಮನೆಯಲ್ಲೇ ಉಂಡು, ಇವರ ಮನೆಯಲ್ಲೇ ಮಲಗಿ, ಅದೇ ಲಾಂಡ್ರಿಯ ವ್ಯಾನು ಓಡಿಸಿಕೊಂಡಿದ್ದ. ಆ ದೇಶದ ಭಾಷೆಯನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದ. ಕೊಕ್ಕೆಗೆ ಅಲ್ಲಿನ ಭಾಷೆಯಲ್ಲಿ ಬರುತ್ತಿದ್ದದ್ದು 'ಹೌದು', 'ಇಲ್ಲ', 'ಬಟ್ಟೆ' ಇಷ್ಟೇ. ಅದಕ್ಕೇ ಆಸ್ಪತ್ರೆಗೆ ಬಾಯಿಯಾಗಿ ಬರುವವನು ಭಾವಮೈದ ಎಂದು ಗೊತ್ತಾಗಿತ್ತು.

ಗಲಾಟೆಗೆ ಅವನೂ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದ. ವಿಷಯ ಕೇಳಿ ನೊರೆ ಉಗಿದು ಬಂದು ಹೇಳಿದ: "ಅಷ್ಟೇನಾ ಭಾವ? ಡಾಕ್ಟ್ರು ಮುಟ್ಟಿದ ತಕ್ಷಣ ಅಯ್ಯೋ ಅನ್ನಿ. ಮುಗೀತು."

"ನಂಗೆ ನಾಟಕ ಬರಲ್ಲ ಕಣೋ. ಶಾಲೇಲಿ ಒಂದ್ಸಲ ನಾಟಕದಲ್ಲಿ ಹೆಣದ ಪಾರ್ಟು ಕೊಟ್ಟಿದ್ರು. ಸೀನಿಬಿಟ್ಟೆ. ಎದುರಿಗೆ ಅಳ್ತಿದ್ದವರೆಲ್ಲ ನಕ್ಕುಬಿಟ್ರು."

"ಹಾಗಾದ್ರೆ ಕುರ್ಚಿ ಹೋಯ್ತು ಅಂತಿಟ್ಕೊಳ್ಳಿ," ಎಂದಳು ಹೆಂಡತಿ. "ಇಷ್ಟು ವರ್ಷ ರಾತ್ರಿಯೆಲ್ಲಾ ಕೈ ಒತ್ತಿಸ್ಕೊಂಡ್ರಿ. ಒಂದಿನ, ಒಂದೇ ಒಂದಿನ ಅದನ್ನ ಹಿಡಿದಿಟ್ಕೊಳ್ಳೋಕೆ ಆಗ್ಲಿಲ್ವಾ ನಿಮ್ಗೆ?"

ಅವರಿದ್ದ ಕಟ್ಟಡದ ಗೋಡೆಗಳು ಹಪ್ಪಳದಷ್ಟು ತೆಳು. ಈ ಮನೆಯಲ್ಲಿ ನಿಟ್ಟುಸಿರು ಬಿಟ್ಟರೆ ಆ ಮನೆಯಲ್ಲಿ 'ಯಾಕೆ?' ಎಂದು ಕೇಳುತ್ತಾರೆ. ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ಎದುರುಮನೆಯ ಮೇಷ್ಟ್ರು ನಿಂತಿದ್ದರು. ಊರಲ್ಲಿ ಜನ್ಮವಿಡೀ ಮಕ್ಕಳಿಗೆ ಪಾಠ ಹೇಳಿ, ಈಗ ಮಗನ ಜೊತೆ ಇರಲು ಬಂದು, ಹೇಳಿಸಿಕೊಳ್ಳಲು ಮಕ್ಕಳಿಲ್ಲದೆ ಕಟ್ಟಡದವರಿಗೆಲ್ಲ ಪಾಠ ಹೇಳುತ್ತಿದ್ದವರು. ಅವರ ಹಿಂದೆಯೇ ಮೆಟ್ಟಿಲೇರಿ ಬಂದವಳು ಕೆಳಗಿನ ಮನೆಯ ಟೈಲರಕ್ಕ, ಕೊರಳಲ್ಲಿ ಅಳತೆಯ ಟೇಪು.

"ನೋವು ಎಲ್ಲೂ ಹೋಗಲ್ಲಯ್ಯಾ," ಎಂದರು ಮೇಷ್ಟ್ರು, ಕೊಕ್ಕೆಯ ಕೈಯನ್ನು ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಒತ್ತಿ ನೋಡಿ. "ಒಳಗೇ ಮಲಗಿರುತ್ತೆ. ಎಬ್ಬಿಸ್ಬೇಕು."

"ಹೇಗೆ ಎಬ್ಬಿಸೋದು ಮೇಷ್ಟ್ರೇ?"

"ಭಾರ! ಭಾರ ಎತ್ತಿದ್ರೆ ತಾನಾಗೇ ಏಳುತ್ತೆ." ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನನ್ನ ಪುಸ್ತಕದ ಟ್ರಂಕೊಂದು ಮಂಚದ ಕೆಳಗಿದೆ. ಅಟ್ಟಕ್ಕೆ ಹಾಕ್ಬೇಕಿತ್ತು. ನಂಗೇನೂ ಅವಸರ ಇಲ್ಲಪ್ಪಾ. ನಿನ್ನ ನೋವಿಗೋಸ್ಕರ ಹೇಳ್ತಿದೀನಿ."

ಕೊಕ್ಕೆ ಹಿಂದೆಮುಂದೆ ನೋಡಲಿಲ್ಲ. ಹೋದ. ಟ್ರಂಕು ಕಬ್ಬಿಣದ್ದು, ಒಳಗೆ ಮೂರು ತಲೆಮಾರಿನ ವಿದ್ಯೆ. ಎಡಗೈಯಲ್ಲಿ ಹಿಡಿ ಹಿಡಿದು, ಸ್ಟೂಲು ಹತ್ತಿ, ಹಲ್ಲು ಕಚ್ಚಿ ಎತ್ತಿದ. ಕೈ ಚಕಾರ ಎತ್ತಲಿಲ್ಲ. ಟ್ರಂಕು ಅಟ್ಟ ಸೇರಿತು.

"ಬಂತಾ?"

"ಇಲ್ಲ ಮೇಷ್ಟ್ರೇ."

"ಹಾಗಾದ್ರೆ ಆ ಹಳೇ ಫ್ಯಾನನ್ನೂ ಹಾಕ್ಬಿಡು."

ಫ್ಯಾನೂ ಹೋಯಿತು. ಕೆಟ್ಟ ಟಿವಿಯೂ ಹೋಯಿತು. ನೋವು ಮಾತ್ರ ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ನೆನೆಹಾಕಿ ಕೂತಿದ್ದಳು. "ಹಿಂಡಿ. ಎಡಗೈಲಿ ಹಿಂಡಿ. ತಿರುಚಿದ್ರೆ ಬಂದೇ ಬರುತ್ತೆ." ಹಿಂಡಿದ. ಕಂಬಳಿಯ ಜೀವ ಹೋಯಿತು. ಕೈ ಹುರಿಗಟ್ಟಿ, ಬೆಚ್ಚಗಾಗಿ, ಇನ್ನೂ ಏನಾದರೂ ಇದ್ದರೆ ಕೊಡಿ ಎನ್ನುವ ಹಾಗೆ ಮಿಸುಕಾಡಿತು.

ಒಂದು ಮಾತು ಇಲ್ಲಿ ಹೇಳಬೇಕು. ಆ ಕಟ್ಟಡದ ಲಿಫ್ಟು ಕೆಟ್ಟು ತಿಂಗಳಾಗುತ್ತ ಬಂದಿತ್ತು. ದಿನವೂ ನೀರಿನ ಕ್ಯಾನು, ಅಕ್ಕಿ, ದಿನಸಿ ಸಾಮಾನು ಎಲ್ಲ ಮೂರನೇ ಮಹಡಿಗೆ ಹೊತ್ತವನು ಕೊಕ್ಕೆ. ಬಲಗೈಯಲ್ಲಿ ಮೊಟ್ಟೆ ಹಿಡಿ, ಒಡೆದೀತು ಎಂದು ಹೆಂಡತಿಯ ಕಟ್ಟಪ್ಪಣೆ ಇದ್ದದ್ದರಿಂದ ಭಾರವೆಲ್ಲ ಎಡಗೈಗೇ ಬೀಳುತ್ತಿತ್ತು. ಇದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊಕ್ಕೆಯೂ ತೆಗೆದುಕೊಳ್ಳಲಿಲ್ಲ.

"ಅಣ್ಣಾ," ಎಂದಳು ಟೈಲರಕ್ಕ, ಜೇನು ಸುರಿದ ಹಾಗೆ. "ಇವೆಲ್ಲ ಚಿಲ್ರೆ ಭಾರ. ಇದಕ್ಕೆಲ್ಲ ನೋವು ಏಳಲ್ಲ. ನನ್ನ ಬೀರು ಇದೆಯಲ್ಲ?"

"ಅಕ್ಕಾ, ಆ ಕಬ್ಬಿಣದ ಬೀರು?"

"ಅದೇ. ಎರಡನೇ ಮಹಡೀಲಿ ಹೊಲಿಗೆಗೆ ಅಂತ ಒಂದು ರೂಮು ತಗೊಂಡಿದೀನಿ. ಹಮಾಲರನ್ನ ಕರೆದ್ರೆ ಬರ್ತೀವಿ ಅಂತಾರೆ, ಬರಲ್ಲ. ಅದನ್ನ ಎತ್ತಿದ್ರೆ ನೋವೇನು ಸ್ವಾಮಿ, ನೋವಿನ ಅಪ್ಪ ಬರ್ತಾನೆ."

ಕೊಕ್ಕೆಗೆ ಗಾಜಿನ ಕೋಣೆಯ ಕುರ್ಚಿ ಕಣ್ಣಮುಂದೆ ಗಿರ್ರೆಂದು ತಿರುಗಿತು. "ನಡೀರಿ!" ಎಂದ.

ಬೀರುವಿನ ಮೇಲುತುದಿಗೆ ಕೊಕ್ಕೆ, ಕೆಳತುದಿಗೆ ಭಾವಮೈದ. ಮೇಷ್ಟ್ರು ಮೆಟ್ಟಿಲ ತಿರುವಿನಲ್ಲಿ ನಿಂತು, ಶಾಲೆಯಲ್ಲಿ ಕವಾಯತು ಮಾಡಿಸುವ ಹಾಗೆ ಕೂಗುತ್ತಿದ್ದರು. "ಎಡಗೈ! ಎಡಗೈ! ಬಲಗೈ ಮುಟ್ಟಕೂಡದು!" ಹೆಂಡತಿ ಹಿಂದಿನಿಂದ, "ನೋವು ಬಂದ ತಕ್ಷಣ ಹೇಳಿ, ಹಾಗೇ ಆಸ್ಪತ್ರೆಗೆ ಹೊರಟುಬಿಡೋಣ, ಆರಿ ಹೋಗೋ ಮುಂಚೆ!" ಎನ್ನುತ್ತಿದ್ದಳು. ಟೈಲರಕ್ಕನಿಗೆ ಬೀರುವಿನ ಬಣ್ಣದ್ದೇ ಚಿಂತೆ. "ಗೋಡೆಗೆ ತಾಗಿಸ್ಬೇಡಿ ಅಣ್ಣಾ! ಹೊಸ ಪೇಂಟು!"

ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಕೊಕ್ಕೆಗೆ ಪಿತ್ತ ನೆತ್ತಿಗೇರಿತು. ಇಷ್ಟು ಜನ, ಇಷ್ಟು ಭಾರ, ಆದರೂ ನೋಯದ ಕೈ! "ನೋಯ್ತೀಯೋ ಇಲ್ವೋ!" ಎಂದು ಕೈಗೇ ಗದರಿ, ಬೀರುವನ್ನು ಒಂದೇ ಏಟಿಗೆ ಎದೆಮಟ್ಟಕ್ಕೆ ಎತ್ತಿಬಿಟ್ಟ. ಮೇಲಿನ ತುದಿ ಏರಿತು, ಕೆಳಗಿನ ತುದಿ ಇಳಿಯಿತು. ಭಾರವೆಲ್ಲ ಜರ್ರೆಂದು ಭಾವಮೈದನ ಮೇಲೆ ಸರಿಯಿತು. ಅವನ ಬಲಗೈ ಬೀರುವಿಗೂ ಮೆಟ್ಟಿಲ ಕಟಾಂಜನದ ಕಂಬಿಗೂ ನಡುವೆ ಸಿಕ್ಕಿತು.

"ಅಯ್ಯಮ್ಮಾ!"

ಎಲ್ಲರೂ ಒಟ್ಟಿಗೆ ಕೂಗಿದರು: "ಬಂತಾ?"

"ನಂಗಲ್ಲ," ಎಂದ ಕೊಕ್ಕೆ ಅಳುಮೋರೆ ಹಾಕಿ. "ಅವನಿಗೆ."

"ಛೇ," ಎಂದರು ಮೇಷ್ಟ್ರು. "ಅವನಿಗೆ ಬಂದು ಏನುಪಯೋಗ?"

ಭಾವಮೈದ ಕೈ ಕೊಡವಿ, ಉಫ್ ಉಫ್ ಎಂದು ಅದಕ್ಕೆ ಗಾಳಿ ಊದಿ, "ಏನಿಲ್ಲ ಬಿಡಿ, ಸ್ವಲ್ಪ ತಾಗ್ತು ಅಷ್ಟೇ" ಎಂದ. ಬೀರು ಎರಡನೇ ಮಹಡಿ ಸೇರಿತು. ಹೊತ್ತು ನೋಡಿದರೆ ಆಸ್ಪತ್ರೆಗೆ ಹೊರಡಲೇಬೇಕು. ಕೊಕ್ಕೆ ಕಳೆದ ವರ್ಷ ಕೊಂಡ ಒಳ್ಳೆಯ ಶರ್ಟು ಹಾಕಿಕೊಂಡು, ನೋವಿಲ್ಲದ ಕೈ ಇಟ್ಟುಕೊಂಡು, ಕಳ್ಳಮಾಲು ಸಾಗಿಸುವವನ ಮುಖ ಮಾಡಿಕೊಂಡು ವ್ಯಾನು ಹತ್ತಿದ.

ಭಾವಮೈದ ಒಂದೇ ಕೈಯಲ್ಲಿ ವ್ಯಾನು ಓಡಿಸಿದ. "ಎರಡೂ ಕೈಲಿ ಹಿಡ್ಕೊಳ್ಳೋ, ಶೋಕಿ ಮಾಡ್ಬೇಡ," ಎಂದು ಕೊಕ್ಕೆ ಬೈದ. ಅವನು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಬಲಗೈ ಜೇಬಿನಲ್ಲೇ ಇತ್ತು. ಕೊಕ್ಕೆಗೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವನು ಮೊಣಕೈಯನ್ನು ವ್ಯಾನಿನ ಬಾಗಿಲಿಗೆ ಧಡ್ ಧಡ್ ಎಂದು ಬಡಿದುಕೊಳ್ಳುತ್ತಿದ್ದ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಹೆಂಗಸು ಹೆದರಿ ತನ್ನ ಗಾಜು ಏರಿಸಿಕೊಂಡಳು.

ಆಸ್ಪತ್ರೆ ಎಂದರೆ ಆಸ್ಪತ್ರೆ! ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ನರ್ಸು ಬಂದು, ಬೆಲ್ಟು, ಕೀಲಿಕೈ, ವಾಚು, ಕಬ್ಬಿಣದ ಚೂರು ಏನಿದ್ದರೂ ತೆಗೆದಿಡಲು ಹೇಳಿ, ಒಂದು ನೀಲಿ ಅಂಗಿ ಕೊಟ್ಟು ಹೋದಳು. ಅದರ ಲಾಡಿಯೆಲ್ಲ ಬೆನ್ನಿನ ಕಡೆಗೆ. ಎಂಥ ಬುದ್ಧಿವಂತ ಹೊಲಿದನೋ! ಕೊಕ್ಕೆ ಗೊಣಗುತ್ತ ತೊಟ್ಟ, ಬೆನ್ನ ಹಿಂದೆ ಕೈ ಹಾಕಿದ, ಲಾಡಿ ಕಟ್ಟಿದ, ಹೊರಗೆ ಬಂದ. ನಾಲ್ಕು ಹೆಜ್ಜೆ ಇಟ್ಟವನು ಗಕ್ಕನೆ ನಿಂತ. ಎಡಗೈ! ಹುಡುಗನಾಗಿದ್ದಾಗಿನಿಂದ ಬೆನ್ನ ಕಡೆಗೆ ತಿರುಗದ ಎಡಗೈ ಈಗ ಹಿಂದೆ ಹೋಗಿ, ಲಾಡಿ ಕಟ್ಟಿ, ಮೇಲೊಂದು ಹೂಗಂಟನ್ನೂ ಹಾಕಿ ಬಂದಿತ್ತು!

"ಲೋ," ಎಂದ ಪಿಸುಮಾತಿನಲ್ಲಿ, "ಇದು ಇನ್ನೂ ಚೆನ್ನಾಗಾಗ್ತಿದೆ ಕಣೋ! ಬೇಗ ಸ್ಕ್ಯಾನ್ ಮಾಡ್ಸು. ಇನ್ನೊಂದು ಗಳಿಗೆ ಬಿಟ್ರೆ ನೆಟ್ಟಗೇ ಆಗ್ಬಿಡುತ್ತೆ!"

ಸ್ಕ್ಯಾನಿನ ಮಿಶಿನ್ನು ಒಂದು ದೊಡ್ಡ ಬಿಳಿ ಕೊಳವೆ. ಬೋರಲು ಮಲಗಿಸಿ, ಎಡಗೈ ತಲೆಯ ಮುಂದಕ್ಕೆ ಚಾಚಿಸಿ, ಬ್ರೆಡ್ಡು ಒಲೆಗೆ ತಳ್ಳುವ ಹಾಗೆ ಒಳಕ್ಕೆ ತಳ್ಳಿದರು. ಅಲುಗಾಡಬಾರದಂತೆ. ಒಳಗೆ ಒಂದೇ ಸದ್ದು, ಹಿಟ್ಟಿನ ಗಿರಣಿಯೊಳಗೆ ತಗಡು ಹೊಡೆದ ಹಾಗೆ. ಆ ಗದ್ದಲದಲ್ಲಿ ಕೊಕ್ಕೆ ಕಣ್ಣು ಮುಚ್ಚಿ ತನ್ನ ಕೈಗೆ ಕೈ ಮುಗಿದ. ಮನಸ್ಸಿನಲ್ಲೇ ಮುಗಿದ, ಅಲುಗಾಡುವ ಹಾಗಿರಲಿಲ್ಲವಲ್ಲ. 'ನಿನ್ನನ್ನ ಇಷ್ಟು ವರ್ಷ ಕೂರಿಸಿ ಸಾಕಿದೀನಿ. ಒಂದ್ಸಲ ನನ್ನನ್ನ ಕೂರಿಸು ಮಾರಾಯಾ. ಅಷ್ಟೇ ಕೇಳೋದು.'

ಡಾಕ್ಟರು ಒಬ್ಬ ಹೆಣ್ಣುಮಗಳು. ಗಟ್ಟಿ ದನಿ, ಚುರುಕು ಕಣ್ಣು. ಗೋಡೆಯ ಪರದೆಯಲ್ಲಿ ಕೊಕ್ಕೆಯ ಮೂಳೆ ಬೆಳ್ಳಗೆ ಹೊಳೆಯುತ್ತಿತ್ತು. ಕೊಕ್ಕೆ ಅದನ್ನೇ ಅಭಿಮಾನದಿಂದ ನೋಡಿದ. ಎಂಥ ಸೊಟ್ಟ! ಕುರ್ಚಿ ಕೊಡದೆ ಹೇಗಿರುತ್ತಾರೆ?

"ಏನಂತೆ?"

ಭಾವಮೈದ ಹೇಳಿದ: "ಮೂಳೆ ಸೊಟ್ಟಗೆ ಕೂಡಿದೆ ಅಂತೆ ಭಾವ."

"ಭೇಷ್! ಆಮೇಲೆ?"

"ಯಾವಾಗ ನೋಯುತ್ತೆ ಅಂತ ಕೇಳ್ತಿದಾರೆ. ಯಾವಾಗ್ಲೂ, ಈಗ್ಲೂ ಅಂದ್ಬಿಟ್ಟೆ."

ಡಾಕ್ಟರು ಎದ್ದು ಬಂದು ಕೈ ಹಿಡಿದರು. ಮಡಚಿದರು. ಕೊಕ್ಕೆಯ ಬಾಯಿಂದ ಬರಬೇಕಿದ್ದ 'ಅಯ್ಯೋ' ಹೊರಟು, ಎಲ್ಲೋ ಗಂಟಲಲ್ಲಿ ಸಿಕ್ಕಿ, ಆಕಳಿಕೆಯಾಗಿ ಬಂತು. ರಾತ್ರಿ ನಿದ್ದೆಗೆಟ್ಟವನು ಏನು ಮಾಡಿಯಾನು! ಡಾಕ್ಟರು ನಕ್ಕರು. ಕೈ ಮೇಲೆತ್ತು ಎಂದು ಸನ್ನೆ ಮಾಡಿದರು. ಶಾಲೆಯಲ್ಲಿ ಉತ್ತರ ಗೊತ್ತಿದ್ದ ಹುಡುಗನ ಕೈಯ ಹಾಗೆ ಅದು ಸರ್ರನೆ ಮೇಲೇರಿತು.

ಕೊಕ್ಕೆಗೆ ತಡೆಯಲಾಗಲಿಲ್ಲ. ಸುಳ್ಳು ಒಪ್ಪುವ ಮನುಷ್ಯ ಅವನಲ್ಲ. "ಲೋ, ಇದ್ದದ್ದು ಇದ್ದ ಹಾಗೆ ಹೇಳಿಬಿಡೋ! ನಿನ್ನೆ ತನಕ ಪ್ರಾಣ ಹೋಗ್ತಿತ್ತು, ಇವತ್ತು ಬೆಳಗ್ಗೆಯಿಂದ ಇಲ್ಲ ಅನ್ನು. ಟ್ರಂಕು ಎತ್ತಿದೆ, ಕಂಬಳಿ ಹಿಂಡಿದೆ, ಬೀರು ಹೊತ್ತೆ, ಆದ್ರೂ ಬರ್ಲಿಲ್ಲ ಅನ್ನು. ತಿಂಗಳಿಂದ ಮೂರು ಮಹಡಿ ನೀರು ಹೊತ್ತಿದೀನಿ, ಆಗ್ಲೂ ಜಾಸ್ತಿ ಆಗ್ಲಿಲ್ಲ ಅನ್ನು. ನಾನು ಕಳ್ಳ ಅಲ್ಲ ಅಂತ ಹೇಳೋ!"

ಭಾವಮೈದ ಬೇರೆ ದಾರಿಯಿಲ್ಲದೆ ಎಲ್ಲ ಹೇಳಿದ. ಡಾಕ್ಟರ ಮುಖ ಬೆಳಗಿತು. ಮೇಜು ಗುದ್ದಿ ಏನೋ ಹೇಳಿದರು. ಮತ್ತೆ ಹೇಳಿದರು. ಭಾವಮೈದನ ಮುಖ ಮಾತ್ರ ಇಳಿಯಿತು.

"ಭಾವ... ಹೇಳ್ಲಾ?"

"ಹೇಳೋ!"

"ಮೂಳೆ ಸೊಟ್ಟ ಇದ್ರೂ ಗಟ್ಟಿ ಇದೆಯಂತೆ. ಇಷ್ಟು ವರ್ಷ ನೋವಾಗಿದ್ದು ನೀವು ಅದಕ್ಕೆ ಕೆಲಸ ಕೊಡದೆ ಇಟ್ಟಿದ್ದಕ್ಕಂತೆ. ಮಾಂಸಖಂಡ ಸೊರಗಿ ಹೋಗಿತ್ತಂತೆ. ಈ ತಿಂಗಳು ನೀವು ಭಾರ ಹೊತ್ತಿದ್ದೇ ಔಷಧಿ ಆಯ್ತಂತೆ. ಆಪರೇಷನ್ ಬೇಡ, ಮಾತ್ರೆ ಬೇಡ. ದಿನಾ ಎಡಗೈಲಿ ಭಾರ ಎತ್ಬೇಕು. ನಡುವೆ ನೋವು ಬಂದ್ರೂ ಬರ್ಬಹುದು, ಬಂದ್ರೆ ಒಳ್ಳೇದೇ, ನಿಲ್ಲಿಸ್ಬಾರ್ದು. ಮುಖ್ಯವಾಗಿ..." ಅವನು ಬಾಗಿಲ ಕಡೆ ಒಮ್ಮೆ ನೋಡಿಕೊಂಡ. "ಮುಖ್ಯವಾಗಿ ಕೂತು ಮಾಡೋ ಕೆಲಸ ಕೂಡದಂತೆ."

ಕೊಕ್ಕೆ ಎದ್ದು ನಿಂತ. "ಕೂಡದಾ? ಇನ್ನೊಂದ್ಸಲ ಕೇಳೋ! ಸರಿಯಾಗಿ ಕೇಳೋ! ಸ್ವಲ್ಪ ಹೊತ್ತು ಕೂರಬಹುದಾ ಅಂತ ಕೇಳು! ತಿರುಗೋ ಕುರ್ಚಿ ಆದ್ರೆ ಪರವಾಗಿಲ್ವಾ ಅಂತ ಕೇಳು!"

ಭಾವಮೈದ ಕೇಳಿದ, ಎಡಗೈಯಲ್ಲಿ ಗಾಳಿಯಲ್ಲಿ ಕುರ್ಚಿ ತಿರುಗಿಸಿ ತೋರಿಸಿದ. ಡಾಕ್ಟರು ಅವನನ್ನೇ ದಿಟ್ಟಿಸಿ ನೋಡಿದರು. ಜೇಬಿನಲ್ಲಿದ್ದ ಅವನ ಬಲಗೈ ನೋಡಿದರು. ಏನೋ ಕೇಳಿದರು. ಅವನು ತಲೆಯಲ್ಲಾಡಿಸಿದ. ಮತ್ತೆ ಕೇಳಿದರು, ಈ ಸಲ ಗದರಿಸಿ. ಇಬ್ಬರ ಮಧ್ಯೆ ಮಾತು ಬಿರುಸಾಯಿತು. ಕೊಕ್ಕೆಗೆ ಒಂದಕ್ಷರ ಅರ್ಥವಾಗದಿದ್ದರೂ ಒಂದು ಗೊತ್ತಾಯಿತು. ಡಾಕ್ಟರ ಮನಸ್ಸು ತಿರುಗಿತು! ಭಾವಮೈದ ಗೆದ್ದ! ಅವರು ಫೋನೆತ್ತಿ ಯಾರನ್ನೋ ಕರೆದರು. ನರ್ಸು ಗಾಲಿಕುರ್ಚಿ ತಳ್ಳಿಕೊಂಡು ಬಂದಳು.

"ನಂಗಾ? ಆಪರೇಷನ್ನಾ?" ಕೊಕ್ಕೆ ಖುಷಿ ತಡೆಯಲಾರದೆ ಗಾಲಿಕುರ್ಚಿಯಲ್ಲಿ ಹೋಗಿ ಕೂತೇಬಿಟ್ಟ. ಮೆತ್ತಗಿತ್ತು. ನರ್ಸು ಅವನ ಭುಜ ಹಿಡಿದು ಎಬ್ಬಿಸಿ, ಭಾವಮೈದನನ್ನು ಅದರಲ್ಲಿ ಕೂರಿಸಿದಳು.

ಜೇಬಿನಿಂದ ಕೈ ಹೊರಗೆ ಬಂತು. ಮಣಿಕಟ್ಟು ಕುಂಬಳಕಾಯಿಯಷ್ಟು ಊದಿಕೊಂಡಿತ್ತು.

"ಭಾವ," ಎಂದ ಅವನು ಹಲ್ಲು ಕಿರಿಯುತ್ತ, "ಬೀರು."

ನೋಡಿ, ಅನ್ಯಾಯ ಅಂದರೆ ಹೀಗಿರುತ್ತದೆ. ಕೊಕ್ಕೆ ಈ ಬಾಗಿಲಿಗೆ ಬರಲು ಕಾದು ಕಾದು ಕೂದಲು ನರೆತಿತ್ತು. ಭಾವಮೈದನಿಗೆ ಕೊಕ್ಕೆಯ ಕಾಫಿ ಆರುವುದರೊಳಗೆ ಎಕ್ಸ್‌ರೇ ಆಯಿತು, ಬಿರುಕು ಸಿಕ್ಕಿತು, ಬೆರಳ ಬುಡದಿಂದ ಮೊಣಕೈವರೆಗೆ ಬೆಳ್ಳಗೆ ದಪ್ಪಗೆ ಪ್ಲಾಸ್ಟರ್ ಬಿತ್ತು, ಕೊರಳಿಗೆ ಜೋಲಿಯೂ ಬಿತ್ತು. ಗಾಲಿಕುರ್ಚಿಯನ್ನು ಬಾಗಿಲವರೆಗೆ ತಳ್ಳಿದವನು ಕೊಕ್ಕೆ. ತಳ್ಳಿದ್ದು ಎಡಗೈಯಲ್ಲಿ, ಡಾಕ್ಟರು ನೋಡುತ್ತಿದ್ದರು.

ವ್ಯಾನು ಓಡಿಸುವವರಿಲ್ಲ. ಅದನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ಸು ಹಿಡಿದರು. ಬಸ್ಸಿನಲ್ಲಿ ಪ್ಲಾಸ್ಟರ್ ಕಂಡು ಒಬ್ಬ ಮುದುಕಿ ಎದ್ದು ಭಾವಮೈದನಿಗೆ ಜಾಗ ಬಿಟ್ಟಳು. ಕೊಕ್ಕೆ ಮೇಲಿನ ಸರಳಿಗೆ ಎಡಗೈ ಸಿಕ್ಕಿಸಿ ಜೋತಾಡುತ್ತ ನಿಂತ. ಆ ಕೈ ಅಲ್ಲಿ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಲಾಂಡ್ರಿಯಲ್ಲಿ ಸೂಪರ್‌ವೈಜರ್ ಗಾಜಿನ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಕೊಕ್ಕೆ ಬಾಯಿ ತೆರೆಯುವ ಮೊದಲೇ ಅವನ ಕಣ್ಣು ಪ್ಲಾಸ್ಟರ್ ಮೇಲೆ ಬಿತ್ತು. "ಇದೇನಯ್ಯಾ ನಿನ್ನ ಅವತಾರ? ವ್ಯಾನು ಹೇಗೆ ಓಡಿಸ್ತೀಯಾ?"

"ಆಗಲ್ಲ ಸಾರ್. ಕೂತು ಮಾಡೋ ಕೆಲಸ ಮಾತ್ರ ಮಾಡ್ಬೇಕಂತೆ."

ಸೂಪರ್‌ವೈಜರ್ ಕುರ್ಚಿಯನ್ನು ನೋಡಿದ, ಪ್ಲಾಸ್ಟರನ್ನು ನೋಡಿದ. ಅವನಿಗೆ ಯೋಚಿಸುವ ಅಭ್ಯಾಸ ಕಮ್ಮಿ. "ಹೋಗು, ಕೂತ್ಕೋ. ಒಂದು ಕೈ ಸಾಕು, ಕಣ್ಣು ಎರಡೂ ಇದೆಯಲ್ಲ."

"ಸಾರ್!" ಎಂದು ಕೊಕ್ಕೆ ಕೂಗಿದ. "ನನ್ನ ಕೈ! ಸ್ಕ್ಯಾನ್ ಆಗಿದೆ! ಸೊಟ್ಟ ಇರೋದು ಪರದೆ ಮೇಲೆ ಎಲ್ರಿಗೂ ಕಾಣ್ತಿತ್ತು!"

"ಡಾಕ್ಟ್ರು ಏನಂದ್ರು?"

ಕೊಕ್ಕೆ ಭಾವಮೈದನ ಮುಖ ನೋಡಿದ. ಸುಳ್ಳು ಹೇಳಲು ಬರದವನ ಗತಿ ನೋಡಿ! ಸೂಪರ್‌ವೈಜರ್ ಭಾವಮೈದನ ಕಡೆ ತಿರುಗಿದ. ಭಾವಮೈದ ಆಗಲೇ ಕುರ್ಚಿಯಲ್ಲಿ ಕೂತಾಗಿತ್ತು. ಒಂದು ಸುತ್ತು ಗಿರ್ರನೆ ತಿರುಗಿ ಬಂದು, ಅಕ್ಷರ ಬಿಡದೆ ಒಪ್ಪಿಸಿದ: ದಿನಾ ಭಾರ, ಎಡಗೈಯಲ್ಲೇ, ನೋವು ಬಂದರೂ ನಿಲ್ಲಿಸುವ ಹಾಗಿಲ್ಲ.

"ಅಬ್ಬಾ!" ಸೂಪರ್‌ವೈಜರ್ ಕೊಕ್ಕೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. "ಇಷ್ಟು ವರ್ಷ ಒಂದೇ ಕೈಲಿ ಕೆಲಸ ಮಾಡಿ ನಂಗೆ ಮೋಸ ಮಾಡ್ತಿದ್ಯಲ್ಲಯ್ಯಾ! ನಾಳೆಯಿಂದ ಎರಡು ಮಿಶಿನ್ ನಿಂದು. ಬಲಗೈಗೊಂದು, ಎಡಗೈಗೊಂದು!"

ಸಂಜೆ ಮನೆಗೆ ಬಂದರೆ ಮೆಟ್ಟಿಲ ಬುಡದಲ್ಲೇ ಎಲ್ಲರೂ ಕಾದಿದ್ದರು. ಹೆಂಡತಿ ತಮ್ಮನ ಪ್ಲಾಸ್ಟರ್ ಕಂಡು ಗೋಳಾಡಿ, ಅವನನ್ನು ಮೇಲೆ ಕರೆದೊಯ್ದು ಮನೆಯಲ್ಲಿದ್ದ ಒಂದೇ ಕೈಕುರ್ಚಿಯಲ್ಲಿ ಕೂರಿಸಲು ಹೊರಟಳು. ಹೊರಟವಳು ವಿಷಯವೆಲ್ಲ ಕೇಳಿ ಅರ್ಧ ಮೆಟ್ಟಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. "ಅಂತೂ ನಮ್ಮನೆಗೆ ಕುರ್ಚಿ ಬಂತಲ್ರೀ!"

"ನಂಗೆ ಬರ್ಲಿಲ್ಲ ಕಣೇ!"

"ನಿಮ್ಗೆ ಕೈ ಬಂತಲ್ಲ!"

ಅಷ್ಟರಲ್ಲಿ ಪಕ್ಕದಲ್ಲಿ ಜೇನು ಸುರಿದ ದನಿ ಕೇಳಿಸಿತು. "ಅಣ್ಣಾ, ಡಾಕ್ಟ್ರು ದಿನಾ ಭಾರ ಎತ್ತು ಅಂದ್ರಂತೆ? ದೇವರು ದೊಡ್ಡವನು. ಆ ಬೀರು ಇದೆಯಲ್ಲ, ಮೇಲಿನ ರೂಮಿನ ಬಾಗಿಲಿಗೆ ಅಡ್ಡ ಬರುತ್ತೆ. ಕೆಳಗೇ ಇದ್ರೆ ಚೆನ್ನಾಗಿತ್ತು ಅನ್ನಿಸ್ತು."

"ಅಕ್ಕಾ, ಇವತ್ತು ಬೇಡ."

"ಬೇಡ ಅನ್ನಕೂಡದು," ಎಂದರು ಮೇಷ್ಟ್ರು ಬೆರಳೆತ್ತಿ. "ಚಿಕಿತ್ಸೆಯನ್ನ ಮುಂದಕ್ಕೆ ಹಾಕ್ಬಾರ್ದು. ಆಮೇಲೆ ಆ ಟ್ರಂಕನ್ನೂ ಇಳಿಸ್ಬೇಕು, ಅದರಲ್ಲಿ ನನ್ನ ಕನ್ನಡಕ ಉಳ್ಕೊಂಡಿದೆ."

ಬೆಳಗ್ಗೆ ಹತ್ತಿದ ಬೀರು ಸಂಜೆ ಇಳಿಯತೊಡಗಿತು. ಈ ಸಲ ಕೆಳತುದಿಗೆ ಕೊಕ್ಕೆ ಒಬ್ಬನೇ. ಮೇಲುತುದಿಗೆ ಮೇಷ್ಟ್ರ ಮಗ ಮತ್ತು ಟೈಲರಕ್ಕ, ಹೆಸರಿಗೆ. ತಿರುವಿನಲ್ಲಿ ಬೀರು ವಾಲಿತು. ಕೊಕ್ಕೆ ಎಡಗೈ ಕೊಟ್ಟು ತಡೆದ. ಆಗ ಮೊಣಕೈಯಿಂದ ಹೆಗಲವರೆಗೆ ಮಿಂಚು ಹೊಡೆದ ಹಾಗೆ ಒಂದು ನೋವು, ಅವನು ಬಲ್ಲ ನೋವು, ಇಪ್ಪತ್ತು ವರ್ಷ ಜೊತೆಯಲ್ಲಿ ಮಲಗಿದ ಅದೇ ನೋವು ಎದ್ದು ಬಂತು!

"ಬಂತು!" ಎಂದು ಅವನು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದ. "ಬಂತು ಕಣ್ರೋ! ನೋವು ಬಂತು! ಸೂಪರ್‌ವೈಜರಿಗೆ ಫೋನ್ ಮಾಡಿ! ಡಾಕ್ಟ್ರಿಗೆ ಫೋನ್ ಮಾಡಿ!"

ಮೇಲಿನ ಮಹಡಿಯಿಂದ ಹೆಂಡತಿ ಬಗ್ಗಿ ನೋಡಿದಳು. ಅವಳ ಪಕ್ಕದಲ್ಲಿ ಪ್ಲಾಸ್ಟರ್ ಕೈ ಕಟಾಂಜನದ ಮೇಲಿಟ್ಟು ಭಾವಮೈದನೂ ಬಗ್ಗಿದ.

"ಬಂತಾ ಭಾವ?" ಎಂದ ಅವನು ಸಂತೋಷದಿಂದ. "ಬಂದೇ ಬರುತ್ತೆ, ಬಂದ್ರೆ ಒಳ್ಳೇದು ಅಂತ ಡಾಕ್ಟ್ರು ಹೇಳಿರ್ಲಿಲ್ವಾ!"

"ಭೇಷ್!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಮದ್ದು ಹಿಡೀತು! ನಿಲ್ಲಿಸ್ಬೇಡ ಕಣಯ್ಯಾ, ಎತ್ತು, ಎತ್ತು! ಎಡಗೈ!"